ಕೌದಿ: ಹೊಲಿಗೆಯ ತಿಳಿವಳಿಕೆ ಮತ್ತು ಪದಸಂಪತ್ತು (ಹೂವಿನಹಡಗಲಿ ಪರಿಸರವನ್ನು ಅನುಲಕ್ಷಿಸಿ)

ಕನ್ನಡ ಸಾಹಿತ್ಯ ಮತ್ತು ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ 'ಕೌದಿ' ಎಂಬುದು ಒಂದು ಸಿದ್ಧ ರೂಪಕವಾಗಿದೆ. ನಾಡಿನ ಬಹುತ್ವವನ್ನು ಹೇಳಬೇಕಾದಾಗ, ಹಲವು ಕಥನಗಳನ್ನು ಒಂದೆಡೆ ತಂದ ಕೃತಿಯನ್ನು ವರ್ಣಿಸಬೇಕಾದಾಗ, ಬಣ್ಣಬಣ್ಣದ ತುಂಡುಗಳು ಕೂಡಿ ಒಂದಾದ ಹೊದಿಕೆಯ ಚಿತ್ರ ಲೇಖಕರ ನೆರವಿಗೆ ಬರುತ್ತದೆ. ರೂಪಕ ಸುಂದರವಾದದ್ದೇ. ಆದರೆ ಅದು ಕೌದಿಯ ಮೇಲ್ಮೈಯನ್ನು ಮಾತ್ರ ಕಂಡ ರೂಪಕ. ಹೊಲಿಯುವವರ ಕಡೆಯಿಂದ ನೋಡಿದರೆ ಕೌದಿಯೆಂದರೆ ತುಂಡುಗಳ ಜೋಡಣೆಯಲ್ಲ, ಪದರುಗಳ ಮೇಲೆ ಓಡಿದ ಹೊಲಿಗೆಯ ಸಾಲು. ಒಂದೇ ಬಣ್ಣದ ಒಂದೇ ಸೀರೆಯಿಂದಲೂ ಕೌದಿಯಾಗುತ್ತದೆ. ಎಷ್ಟೇ ಬಣ್ಣದ ತುಂಡುಗಳನ್ನು ಅಂಚಿಗಂಚು ಕೂಡಿಸಿದರೂ ಪದರಿಲ್ಲದಿದ್ದರೆ, ಸಾಲಿಲ್ಲದಿದ್ದರೆ ಅದು ಕೌದಿಯಾಗದು. ತೇಪೆ ಹಾಕಿದ ಬಟ್ಟೆಯಾಗುತ್ತದೆ, ಅಷ್ಟೇ. ಈ ವ್ಯತ್ಯಾಸವನ್ನು ಬಿಟ್ಟುಕೊಟ್ಟುದರಿಂದ ರೂಪಕ ಸೊರಗಿತೆಂಬುದು ಸಣ್ಣ ಸಂಗತಿ. ಹೊಲಿಗೆಯ ಹಿಂದಿರುವ ತಿಳಿವಳಿಕೆಯೂ ಅದನ್ನು ಹೊತ್ತ ಪದಗಳೂ ವಿದ್ವತ್ತಿನ ಗಮನಕ್ಕೆ ಸಲ್ಲಬೇಕಾದಷ್ಟು ಸಲ್ಲಲಿಲ್ಲವೆಂಬುದು ದೊಡ್ಡ ಸಂಗತಿ. ಪ್ರಸ್ತುತ ಲೇಖನದಲ್ಲಿ ಹೂವಿನಹಡಗಲಿ ಮತ್ತು ಅದರ ನೆರೆಯ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲ್ಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಕೌದಿಯ ರಚನಾಕ್ರಮವನ್ನು ವಿವರಿಸಿ, ಆ ಕ್ರಮಕ್ಕೂ ಅದರ ಪದಗಳಿಗೂ ಇರುವ ನಂಟನ್ನು ಪರಿಶೀಲಿಸಲಾಗಿದೆ.

ಈ ಸೀಮೆಯನ್ನೇ ಆಯ್ದುಕೊಳ್ಳಲು ಭಾಷಿಕವಾದ ಕಾರಣವಿದೆ. ತುಂಗಭದ್ರೆಯ ಬಲದಂಡೆಯ ಈ ಭಾಗ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂತು. ಹೊಳೆಯ ಆಚೆ ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಸೀಮೆ, ಉತ್ತರಕ್ಕೆ ನಿಜಾಮರ ಆಳ್ವಿಕೆಯ ಕೊಪ್ಪಳ ಸೀಮೆ, ದಕ್ಷಿಣಕ್ಕೆ ಮೈಸೂರು ಸಂಸ್ಥಾನ. ಹೀಗೆ ನಾಲ್ಕು ಆಡಳಿತಗಳ ಮಾತು ಒಂದಕ್ಕೊಂದು ತಾಗುತ್ತಿದ್ದ ಜಾಗವಿದು. ಅನಂತರವೂ ಗಡಿಗಳು ನಿಂತಲ್ಲಿ ನಿಲ್ಲಲಿಲ್ಲ. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಈ ಎಲ್ಲ ತಾಲ್ಲೂಕುಗಳೂ ಹೊಸ ವಿಜಯನಗರ ಜಿಲ್ಲೆಯೊಳಗೆ ಸೇರಿದವು. ಜಿಲ್ಲೆಗಳ ಹೆಸರು ಬದಲಾದಷ್ಟು ಬೇಗ ಮನೆಯೊಳಗಿನ ಹಾಸಿಗೆ ಹೊದಿಕೆಗಳ ಹೆಸರು ಬದಲಾಗುವುದಿಲ್ಲ.

ಹೊದಿಕೆಗೆ ಕನ್ನಡದಲ್ಲಿ ಇರುವ ಹೆಸರುಗಳೇ ಒಂದು ಸಣ್ಣ ಕೋಶವಾಗಬಲ್ಲವು. ಕಂಬಳಿ, ಗೊಂಗಡಿ, ಹಚ್ಚಡ, ದುಪ್ಪಟಿ, ರಜಾಯಿ, ಕೌದಿ, ಬೊಂತೆ, ಕಂತೆ. ಇವು ಪರ್ಯಾಯಪದಗಳಲ್ಲ. ಕಂಬಳಿ ಮತ್ತು ಗೊಂಗಡಿ ಉಣ್ಣೆಯವು. ಹಚ್ಚಡ ಮತ್ತು ದುಪ್ಪಟಿ ಮಗ್ಗದಿಂದಲೇ ಹೊದಿಕೆಯಾಗಿ ಇಳಿದವು. ರಜಾಯಿಯ ಒಳಗೆ ಅರಳೆಯಿದೆ. ಕೌದಿ, ಬೊಂತೆ, ಕಂತೆ ಈ ಮೂರು ಮಾತ್ರ ಉಟ್ಟು ಸವೆದ ಬಟ್ಟೆಯಿಂದ ಹುಟ್ಟಿದವು. ಧಾರವಾಡದ ಕಡೆಯಿಂದ ಬಂದ 'ಕೌದಿ'ಯೂ ತೆಲುಗಿನ 'ಬೊಂತ'ದೊಡನೆ ನಂಟುಳ್ಳ 'ಬೊಂತೆ'ಯೂ ಎದುರಾಗುವುದು ಹಳೆಯ ಬಳ್ಳಾರಿ ಸೀಮೆಯಲ್ಲಿ. 'ಕಂತೆ' ಸಂಸ್ಕೃತದ 'ಕಂಥಾ' ಶಬ್ದದಿಂದ ಬಂದದ್ದು. ಬಂಗಾಳದ ಕಾಂಥಾ ಹೊಲಿಗೆಯ ಹೆಸರೂ ಅದೇ. ಕನ್ನಡದಲ್ಲಿ ಕಂತೆ ಕ್ರಮೇಣ ಹುಲ್ಲಿನ, ಕಾಗದದ, ನೋಟಿನ ಕಟ್ಟಾಗಿ ಅರ್ಥಾಂತರ ಹೊಂದಿ ಹೊದಿಕೆಯ ನೆನಪನ್ನು ಕಳೆದುಕೊಂಡಿತು. ಹಳೆಯ ಅರ್ಥ 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯಲ್ಲಿ ಮಾತ್ರ ಉಳಿದಿದೆ. ಎರಡೂ ಒಂದೇ ಬಗೆಯ ವಸ್ತುವೆಂದು ತಿಳಿದವರಿಗಷ್ಟೇ ಆ ಗಾದೆಯ ವ್ಯಂಗ್ಯ ಪೂರ್ತಿ ತೆರೆದುಕೊಳ್ಳುತ್ತದೆ. 'ಕೌದಿ'ಯನ್ನು 'ಕವಿ' (ಮುಸುಕು, ಆವರಿಸು) ಧಾತುವಿಗೆ ಜೋಡಿಸುವ ಆಸೆ ಸಹಜವಾದದ್ದು. ಆದರೆ ಧ್ವನಿಸಾಮ್ಯವೊಂದನ್ನೇ ನೆಚ್ಚಿ ನಿಷ್ಪತ್ತಿ ಹೇಳುವುದು ಅಂಚು ಕಟ್ಟದೆ ನಡುವಿಗೆ ಸೂಜಿ ಹಾಕಿದಂತೆ.

ಶರಣ ಪರಂಪರೆಯಲ್ಲಿ ಬೊಂತೆಗೆ ಒಂದು ಗೌರವದ ಸ್ಥಾನವಿದೆ. ವಚನಕಾರ್ತಿ ಬೊಂತಾದೇವಿ ಕಾಶ್ಮೀರದ ರಾಜಕುಮಾರಿಯೆಂದೂ, ನಿಜದೇವಿ ಅವಳ ಮೊದಲ ಹೆಸರೆಂದೂ, ಅರಮನೆಯನ್ನು ತೊರೆದು ದಿಗಂಬರೆಯಾಗಿ ಹೊರಟವಳಿಗೆ ಶಿವನೇ ಬೊಂತೆಯನ್ನು ಹೊದಿಸಿದುದರಿಂದ ಆ ಹೆಸರು ಬಂತೆಂದೂ ಐತಿಹ್ಯವಿದೆ. 'ಬಿಡಾಡಿ' ಅವಳ ಅಂಕಿತ. ರೇಷ್ಮೆಯನ್ನು ಬಿಟ್ಟು ಬೊಂತೆಯನ್ನು ಹೊದ್ದಳೆಂಬ ಕಥೆಯಲ್ಲಿ ಬೊಂತೆ ವೈರಾಗ್ಯದ ಗುರುತು. ಸೂಜಿಕಾಯಕದ ರಾಮಿತಂದೆಯ ಹೆಸರಿನಲ್ಲಿ ಸೂಜಿಯೇ ಕಾಯಕದ ಚಿಹ್ನೆ. ಇವೆರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದು ಬಿರುಕು ಕಾಣಿಸುತ್ತದೆ. ಹೊಲಿಯುವ ಪುರುಷನಿಗೆ ಕಾಯಕದ ಹೆಸರಿದೆ, ಹೊದ್ದ ಸ್ತ್ರೀಗೆ ಹೊದಿಕೆಯ ಹೆಸರಿದೆ. ಬೊಂತೆಯನ್ನು ಹೊಲಿದ ಕೈಗೆ ಹೆಸರಿಲ್ಲ. ಐತಿಹ್ಯ ಆ ಕೆಲಸವನ್ನು ಶಿವನಿಗೇ ಒಪ್ಪಿಸಿ ಸುಮ್ಮನಾಗಿದೆ.

ಇದೇ ಅಂತರ ಇಂದಿನ ಜಾನಪದ ಅಧ್ಯಯನದಲ್ಲೂ ಮುಂದುವರಿದಿದೆ ಎನ್ನಬಹುದು. ಹಡಗಲಿ ತಾಲ್ಲೂಕಿನ ಮೈಲಾರ, ಗೊರವರ ಕರಿಯ ಕಂಬಳಿ, ಭರತ ಹುಣ್ಣಿಮೆಯ ಜಾತ್ರೆ, ಕಾರಣಿಕ ಇವೆಲ್ಲ ವಿದ್ವಾಂಸರ ಗಮನ ಸೆಳೆದಿವೆ. ಕಂಬಳಿಗೆ ಪುರಾಣವಿದೆ, ಗದ್ದುಗೆಯಿದೆ, ಹಾಡುವ ಗಾಯಕರಿದ್ದಾರೆ. ಹತ್ತಿಯನ್ನು ಹಿಂಜಿ ಗಾದಿ ತುಂಬುವ ಪಿಂಜಾರರ ವೃತ್ತಿಗೂ ಸಮುದಾಯದ ಹೆಸರಿನ ಬಲವಿದೆ. ಕೌದಿಗೆ ಇವಾವುವೂ ಇಲ್ಲ. ಅದು ಜಾತಿಯೊಂದರ ಕಸುಬಲ್ಲ. ಬಹುಪಾಲು ಮನೆಗಳಲ್ಲಿ ಹೆಂಗಸರು ಬಿಡುವಿನಲ್ಲಿ ಮಾಡುವ ಕೆಲಸ. ಕಸುಬೆಂದು ಕರೆಯದೆ ಹೋದುದನ್ನು ವೃತ್ತಿಪದಗಳ ಪಟ್ಟಿಯಲ್ಲಿ ಯಾರೂ ಹುಡುಕುವುದಿಲ್ಲ.

ಇನ್ನು ರಚನಾಕ್ರಮದ ವಿಚಾರ. ಕೌದಿಯ ಕೆಲಸ ಸೂಜಿಯಿಂದ ಶುರುವಾಗುವುದಿಲ್ಲ, ಆಯ್ಕೆಯಿಂದ ಶುರುವಾಗುತ್ತದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಗೆದು ಗಂಜಿ ತೆಗೆದು, ಹೊಲಿಗೆಗಳನ್ನು ಬಿಚ್ಚಿ ಬಿಡಿಸಿಡುತ್ತಾರೆ. ಹತ್ತಿ ಬಟ್ಟೆ ಎಷ್ಟು ಒಗೆತ ಕಂಡಿದೆಯೋ ಅಷ್ಟು ಮೆತ್ತಗಿರುತ್ತದೆ, ಸೂಜಿಗೆ ದಾರಿ ಕೊಡುತ್ತದೆ; ಮುಂದೆ ಕುಗ್ಗುವುದೂ ಇಲ್ಲ. ಹೊಸ ಬಟ್ಟೆಯ ತುಂಡನ್ನು ಹಳೆಯದರ ನಡುವೆ ಸೇರಿಸುವುದಾದರೆ ಅದನ್ನು ಮೊದಲು ನೀರಿಗೆ ಹಾಕಿ ಒಣಗಿಸಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತದಲ್ಲೇ ಹೊಸ ತುಂಡು ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ಹರಿಯುತ್ತದೆ.

ಬಟ್ಟೆಯನ್ನು ಕತ್ತರಿಸುವುದಕ್ಕಿಂತ ಹರಿಯುವುದು ಮೇಲು. ಇದು ಮೇಲ್ನೋಟಕ್ಕೆ ಒರಟುತನವೆನಿಸಿದರೂ ಅದರ ಹಿಂದೆ ಖಚಿತವಾದ ತಿಳಿವಳಿಕೆಯಿದೆ. ಹಲ್ಲಿನಿಂದಲೋ ಕತ್ತರಿಯ ತುದಿಯಿಂದಲೋ ಅಂಚಿಗೆ ಒಂದು ಗೀರು ಕೊಟ್ಟು ಎರಡು ಕೈಯಿಂದ ಎಳೆದರೆ ಹತ್ತಿ ಬಟ್ಟೆ ಎಳೆ ಹಿಡಿದು ನೇರವಾಗಿ ಸೀಳುತ್ತದೆ. ಕತ್ತರಿ ಕಣ್ಣಿನ ಅಂದಾಜನ್ನು ಅನುಸರಿಸುತ್ತದೆ; ಹರಿತ ಬಟ್ಟೆಯ ಹಾಸುಹೊಕ್ಕನ್ನು ಅನುಸರಿಸುತ್ತದೆ. ಓರೆಯಾಗಿ ಕತ್ತರಿಸಿದ ತುಂಡು ಜಗ್ಗಿದಾಗ ಹಿಗ್ಗುತ್ತದೆ. ಅಂಥ ತುಂಡುಗಳು ಹೆಚ್ಚಾದ ಕೌದಿ ಕೆಲವೇ ತಿಂಗಳಲ್ಲಿ ಸೊಟ್ಟಗಾಗುತ್ತದೆ. ಆದ್ದರಿಂದ ತುಂಡುಗಳನ್ನು ಇಡುವಾಗಲೂ ಉದ್ದನೆಳೆಯ ದಿಕ್ಕು ಒಂದೇ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ.

ಸೀರೆಯ ಎಲ್ಲ ಭಾಗವೂ ಒಂದೇ ಬಗೆಯಲ್ಲಿ ಸವೆಯುವುದಿಲ್ಲ. ನೆರಿಗೆ ಹಿಡಿಯುವ, ಕೂರುವಾಗ ನೆಲಕ್ಕೆ ಉಜ್ಜುವ ಒಡಲಿನ ಭಾಗ ಮೊದಲು ತೆಳುವಾಗುತ್ತದೆ. ಸೆರಗು ಮತ್ತು ದಡಿ ಗಟ್ಟಿಯಾಗಿ ಉಳಿಯುತ್ತವೆ. ತೆಳುವಾದದ್ದು ಕೌದಿಯ ಒಳಗೆ ಹೋಗುತ್ತದೆ, ಗಟ್ಟಿಯಾದದ್ದು ಮೇಲಕ್ಕೂ ಅಂಚಿಗೂ ಬರುತ್ತದೆ. ದಡಿಯನ್ನು ಕೌದಿಯ ನಾಲ್ಕು ಬದಿಗೆ ತರುವುದು ಅಲಂಕಾರಕ್ಕೆ ಮಾತ್ರವಲ್ಲ. ಹೊದೆಯುವವರ ಕೈ, ಕಾಲು, ಗದ್ದ ತಾಗುವುದು ಅಂಚಿಗೇ. ಮೊದಲು ಹರಿಯುವುದೂ ಅಂಚೇ. ಗುಳೇದಗುಡ್ಡದ ಖಣದ ಚೂರುಗಳಿದ್ದರೆ ಅವು ನಡುವಿಗೆ, ಕಣ್ಣಿಗೆ ಬೀಳುವ ಕಡೆಗೆ ಸಲ್ಲುತ್ತವೆ.

ಅಳತೆಯ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಇಳಕಲ್ಲಿನ ಸೀರೆಗಳು ಆರು, ಎಂಟು, ಒಂಬತ್ತು ಗಜದ ಉದ್ದದಲ್ಲಿ ನೇಯಲ್ಪಟ್ಟಿವೆ. ಹಳ್ಳಿಯ ಹಿರಿಯ ಹೆಂಗಸರ ಲೆಕ್ಕದಲ್ಲಿ ಎಂಟು ಗಜವೆಂದರೆ ಹದಿನಾರು ಮೊಳ, ಒಂಬತ್ತು ಗಜವೆಂದರೆ ಹದಿನೆಂಟು ಮೊಳ. ಹದಿನಾರು ಮೊಳದ ಸೀರೆಯನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲೂ ನಾಲ್ಕು ಮೊಳ, ಅಂದರೆ ಆರು ಅಡಿ. ಎರಡು ಪಾಲನ್ನು ಅಗಲಕ್ಕೆ ಕೂಡಿಸಿದರೆ ಮೇಲ್ಪದರು, ಉಳಿದೆರಡನ್ನು ಕೂಡಿಸಿದರೆ ತಳಪದರು. ಒಂದು ಸೀರೆಗೆ ಇಬ್ಬರು ಹೊದೆಯುವ ಒಂದು ಕೌದಿಯ ಎರಡೂ ಮುಖ ಸರಿಹೋಗುತ್ತದೆ, ಒಂದು ಗೇಣೂ ಉಳಿಯದು. ಆರು ಗಜದ ಅಥವಾ ಐದೂವರೆ ಮೀಟರಿನ ಸೀರೆಗೆ ಈ ಲೆಕ್ಕ ಒಗ್ಗುವುದಿಲ್ಲ. ನಾಲ್ಕು ಪಾಲು ಮಾಡಿದರೆ ಉದ್ದ ಮೂರು ಮೊಳಕ್ಕೆ ನಿಂತು ಕಾಲು ಹೊರಗುಳಿಯುತ್ತದೆ. ಮೂರು ಪಾಲು ಮಾಡಿದರೆ ಉದ್ದ ಸಾಲುತ್ತದೆ, ತಳಪದರಿಗೆ ಒಂದು ಪಾಲು ಕೊರೆಯಾಗುತ್ತದೆ. ಆ ಕೊರೆಯನ್ನು ತುಂಬಲು ಇನ್ನೊಂದು ಸೀರೆಯ ಇನ್ನೊಂದು ಬಣ್ಣ ಬೇಕು. ಉಡುವ ಸೀರೆ ಗಿಡ್ಡವಾದುದಕ್ಕೂ ಕೌದಿಯ ಮೇಲ್ಮೈ ಹೆಚ್ಚು ತುಂಡುತುಂಡಾಗಿ ಕಾಣುವುದಕ್ಕೂ ಹೀಗೊಂದು ಸಂಬಂಧವಿರುವುದು ಸಾಧ್ಯ. ವಿಮರ್ಶೆಯ ರೂಪಕ ಮೆಚ್ಚಿಕೊಂಡ 'ಬಹುವರ್ಣ' ಒಂದು ಪಾಲಿಗೆ ಬಟ್ಟೆಯ ಅಳತೆಯ ಫಲವೆಂಬುದನ್ನು ಮರೆಯುವಂತಿಲ್ಲ.

ಸುಗ್ಗಿ ಮುಗಿದು ಮುಂಗಾರು ಹಿಡಿಯುವ ಮುನ್ನಿನ ಬಿಡುವು ಈ ಕೆಲಸಕ್ಕೆ ಒದಗುವ ಕಾಲ. ಪಡಸಾಲೆಯಲ್ಲೋ ಅಂಗಳದ ನೆರಳಲ್ಲೋ ನೆಲವನ್ನು ಗುಡಿಸಿ, ಚಾಪೆಯ ಮೇಲೆ ತಳಪದರನ್ನು ಹಾಸಿ, ಮೂಲೆಗಳಿಗೆ ಕಲ್ಲನ್ನೋ ಕೊಡವನ್ನೋ ಇಟ್ಟು ಬಿಗಿ ಮಾಡುತ್ತಾರೆ. ಅದರ ಮೇಲೆ ಒಳಗಿನ ಪದರುಗಳು. ಇಲ್ಲಿ ಚಿಂದಿಗಳನ್ನು ಒಂದರ ಮೇಲೊಂದು ಏರದಂತೆ, ನಡುವೆ ತೆರಪೂ ಬೀಳದಂತೆ ಹಂಚುವುದು ಮುಖ್ಯ. ಒಂದೇ ಕಡೆ ಮೂರು ಹೊಲಿಗೆಯ ಅಂಚು ಕೂಡಿದರೆ ಅಲ್ಲಿ ಗಡುಸಾಗಿ ಸೂಜಿ ಮುರಿಯುತ್ತದೆ. ತೆರಪು ಬಿದ್ದರೆ ಅಲ್ಲಿ ಚಳಿ ನುಗ್ಗುತ್ತದೆ. ಕೊನೆಗೆ ಮೇಲ್ಪದರು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಮೊಳಕ್ಕೊಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರುಗಳನ್ನು ಹಿಡಿದಿಡುತ್ತಾರೆ. ಒಳಗೆ ಅರಳೆ ಇಲ್ಲ. ಹತ್ತಿ ಬೆಳೆಯುವ ಸೀಮೆಯಲ್ಲಿ ಹತ್ತಿ ತುಂಬದ ಹೊದಿಕೆಯೇಕೆಂಬ ಪ್ರಶ್ನೆ ಹೊರಗಿನವರಿಗೆ ಬರಬಹುದು. ಮಾರುವ ಹತ್ತಿಗೂ ಮನೆಯಲ್ಲಿ ಉಳಿದ ಬಟ್ಟೆಗೂ ಇರುವ ವ್ಯತ್ಯಾಸವೇ ಅದಕ್ಕೆ ಉತ್ತರ. ತೊಳೆಯುವ ಅನುಕೂಲ ಇನ್ನೊಂದು. ಅರಳೆ ತುಂಬಿದ ಗಾದಿ ನೀರಿಗೆ ಬಿದ್ದರೆ ಗಂಟಾಗುತ್ತದೆ. ಕೌದಿಯನ್ನು ಹೊಳೆಗೆ ಒಯ್ದು ಕಲ್ಲಿಗೆ ಬಡಿದು ತೊಳೆಯಬಹುದು. ಮಹಾನವಮಿಯ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಒಣಹಾಕುವ ರೂಢಿಯಿರುವ ನಾಡಿನಲ್ಲಿ ಇದು ಸಣ್ಣ ಗುಣವಲ್ಲ.

ಹೊಲಿಗೆಯ ದಿಕ್ಕು ಗಮನಾರ್ಹ. ಪಶ್ಚಿಮದ ದೇಶಗಳಲ್ಲಿ ಅರಳೆಯಂಥ ತುಂಬು ಇಟ್ಟು ಹೊಲಿಯುವವರು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಹೋಗುತ್ತಾರೆ. ತುಂಬು ಒತ್ತಿದಂತೆಲ್ಲ ಬಟ್ಟೆ ಸರಿಯುತ್ತದೆ. ಆ ಸರಿತ ಅಂಚಿನಿಂದಾಚೆ ಹೊರಬಿದ್ದು ಹೋಗಲೆಂಬುದು ಅದರ ತರ್ಕ. ಕೌದಿಯಲ್ಲಿ ಹೆಚ್ಚಾಗಿ ಇದರ ಎದುರು ದಾರಿ: ಮೊದಲು ನಾಲ್ಕೂ ಅಂಚನ್ನು ಒಳಕ್ಕೆ ಮಡಿಚಿ ಹೊಲಿದು ಬಿಗಿ ಮಾಡಿ, ಆಮೇಲೆ ಅಂಚಿಗೆ ಸಮಾನಾಂತರವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಪದರುಗಳು ಚಪ್ಪಟೆಯಾಗಿರುವುದರಿಂದ ಸರಿತ ಕಡಿಮೆ. ಇರುವಷ್ಟನ್ನು ಪ್ರತಿ ಸಾಲಿನಲ್ಲೂ ಎಡಗೈ ಹಂಚುತ್ತ ಹೋಗುತ್ತದೆ. ಮೇಲೆ ಕಾಣುವ ಸಣ್ಣ ಸುಕ್ಕುಗಳು ಹೊಲಿಗೆಯ ದೋಷವಲ್ಲ. ಪದರುಗಳ ನಡುವೆ ಗಾಳಿಯನ್ನು ಹಿಡಿದಿಡುವ ಸಣ್ಣ ಚೀಲಗಳು. ಕೌದಿಯ ಬಿಸುಪು ಬಟ್ಟೆಯ ದಪ್ಪದಿಂದ ಬರುವಷ್ಟೇ ಈ ಗಾಳಿಯಿಂದಲೂ ಬರುತ್ತದೆ. ಅಂಚಿನಿಂದ ಬರುವ ಕ್ರಮಕ್ಕೆ ಸಾಮಾಜಿಕವಾದ ಅನುಕೂಲವೂ ಉಂಟು. ನಾಲ್ಕು ಬದಿಗೆ ನಾಲ್ವರು ಕೂತು ಏಕಕಾಲಕ್ಕೆ ಹೊಲಿಯಬಹುದು. ಮಾತು, ಹಾಡು, ಊರ ಸುದ್ದಿ ಎಲ್ಲಕ್ಕೂ ಅದು ತಾವು ಕೊಡುತ್ತದೆ.

ಸೂಜಿ ಉದ್ದನೆಯದು, ದಬ್ಬಣದಷ್ಟು ದಪ್ಪವಿರಬಾರದು. ದಾರ ಜೋಡಿ ಎಳೆಯದು. ಅದರ ಉದ್ದ ಕೈ ಚಾಚಿದಷ್ಟು ಇದ್ದರೆ ಸಾಕು. ಹೆಚ್ಚು ಉದ್ದವಾದರೆ ಪ್ರತಿ ಸಲ ಪದರುಗಳ ಮೂಲಕ ಎಳೆಯುವಾಗ ದಾರ ಸವೆದು ಕೊನೆಯ ಹೊಲಿಗೆಗಳು ದುರ್ಬಲವಾಗುತ್ತವೆ. ಮೇಣ ಸವರಿದ ದಾರ ತೊಡಕಾಗುವುದಿಲ್ಲ. ಸೂಜಿಯನ್ನು ಒಣ ಸಬ್ಬುಕಾಯಿಗೆ ಚುಚ್ಚಿ ತೆಗೆದರೆ ಸರಾಗವಾಗಿ ಹೋಗುತ್ತದೆ. ಗಂಟನ್ನು ಮೇಲೆ ಬಿಡದೆ, ದಾರವನ್ನು ತುಸು ಜಗ್ಗಿ ಪದರುಗಳ ನಡುವೆ ಇಳಿಸುತ್ತಾರೆ. ಮೇಲೆ ಉಳಿದ ಗಂಟು ಒಗೆತದಲ್ಲಿ ಮೊದಲು ಬಿಚ್ಚುತ್ತದೆ, ಮಗುವಿನ ಮೈಗೂ ಒತ್ತುತ್ತದೆ. ಸೂಜಿಯನ್ನು ಒಂದೊಂದೇ ಸಲ ಇರಿದು ತೆಗೆಯುವ ಬದಲು ಮೂರು ನಾಲ್ಕು ಹೊಲಿಗೆಗಳನ್ನು ಸೂಜಿಯ ಮೇಲೆ ಏರಿಸಿಕೊಂಡು ಒಮ್ಮೆಗೇ ಎಳೆದರೆ ಸಾಲು ನೇರವಾಗಿ ಬರುತ್ತದೆ. ಪಕ್ಕದ ಎರಡು ಸಾಲುಗಳಲ್ಲಿ ಹೊಲಿಗೆಗೆ ಹೊಲಿಗೆ ಎದುರಾಗಬಾರದು. ಗೋಡೆಯ ಇಟ್ಟಿಗೆಗಳಂತೆ ಒಂದರ ಸಂದಿಗೆ ಇನ್ನೊಂದು ಬರಬೇಕು. ಎದುರಾದರೆ ತೂತುಗಳು ಒಂದೇ ಗೆರೆಯಲ್ಲಿ ಕೂಡಿ ಬಟ್ಟೆ ಆ ಗೆರೆಯಗುಂಟ ಸೀಳುತ್ತದೆ.

ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳಿನ ಅಂತರ ಒಳ್ಳೆಯ ಕೌದಿಯ ಲಕ್ಷಣ. ಇದನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಒಬ್ಬರು ಹೊದೆಯುವ, ೧೮೦ ಸೆಂಟಿಮೀಟರ್ ಉದ್ದ, ೧೪೦ ಸೆಂಟಿಮೀಟರ್ ಅಗಲದ ಕೌದಿಯಲ್ಲಿ ಸಾಲಿನ ಅಂತರ ೨ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಹೊಲಿಗೆಯ ಒಟ್ಟು ಉದ್ದ ಸುಮಾರು ೧೨೬ ಮೀಟರ್ ಆಗುತ್ತದೆ. ಸೆಂಟಿಮೀಟರಿಗೆ ಒಂದು ಹೊಲಿಗೆಯಂತೆ ಹಿಡಿದರೂ ಹನ್ನೆರಡು ಸಾವಿರಕ್ಕೆ ಮಿಕ್ಕ ಹೊಲಿಗೆಗಳು. ಜೋಡಿ ಎಳೆಯಾದ್ದರಿಂದ ೨೫೦ ಮೀಟರಿಗಿಂತ ಹೆಚ್ಚು ದಾರ. ಸುಧಾ ಮೂರ್ತಿಯವರ ೨೦೧೭ರ ಇಂಗ್ಲಿಷ್ ಪ್ರಬಂಧ ಸಂಕಲನಕ್ಕೆ, ಮಾಜಿ ದೇವದಾಸಿಯರು ಕೂಡಿ ಹೊಲಿದು ಕೊಟ್ಟ ಹಾಸಿನ ಮೂರು ಸಾವಿರ ಹೊಲಿಗೆಗಳು ಹೆಸರಾಗಿವೆ. ಆ ಸಂಖ್ಯೆ ಅಲ್ಲಿ ಮೂರು ಸಾವಿರ ಕೈಗಳ ಸಂಕೇತ, ಅದರ ಅರ್ಥವಂತಿಕೆ ನಿರ್ವಿವಾದ.

ಈ ಲೆಕ್ಕ ಕೂಲಿಯ ಪ್ರಶ್ನೆಯನ್ನು ಮುಟ್ಟುತ್ತದೆ. ಎಲ್ಲ ಕೌದಿಯೂ ಮನೆಯವರೇ ಹೊಲಿದದ್ದಲ್ಲ. ಗೊಂದಲಿಗ ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು ಊರೂರು ತಿರುಗಿ, ಮನೆಯವರು ಕೊಟ್ಟ ಬಟ್ಟೆಯಲ್ಲಿ ಕೌದಿ ಹೊಲಿದುಕೊಡುವುದು ಉತ್ತರ ಕರ್ನಾಟಕದಲ್ಲಿ ರೂಢಿಯಲ್ಲಿದೆ. ಕೂಲಿ ಕೌದಿಗೆ ಇಷ್ಟೆಂದು ಗೊತ್ತಾದಾಗ ಸಾಲಿನ ಅಂತರ ಅಗಲವಾಗುತ್ತದೆ. ಒಂದು ಬೆರಳು ಎರಡು ಬೆರಳಾದರೆ ೧೨೬ ಮೀಟರಿನ ಕೆಲಸ ೬೩ಕ್ಕೆ ಇಳಿಯುತ್ತದೆ. ದೂರದಿಂದ ನೋಡಿದರೆ ಅದೂ ಕೌದಿಯೇ. ಆದರೆ ಒಳಗಿನ ಚಿಂದಿ ವರ್ಷದೊಳಗೆ ಒಂದು ಮೂಲೆಗೆ ಸರಿದು ಗಂಟಾಗುತ್ತದೆ. ಹೊಲಿದವರ ಕೈ ಕೆಟ್ಟಿತೆಂದು ದೂರುವುದು ಸುಲಭ. ಸಾಲನ್ನು ಅಳೆಯದೆ ತುಂಡನ್ನು ಮಾತ್ರ ಎಣಿಸಿದ ಬೆಲೆಯ ಪದ್ಧತಿ ಆ ಕೈಯನ್ನು ಕೆಡಿಸಿತೆನ್ನುವುದು ಹೆಚ್ಚು ಸರಿ. ನಗರದ ಅಂಗಡಿಗಳಲ್ಲಿ ಇಂದು ಕೌದಿಯನ್ನು ಮಾರುವವರೂ ಬಣ್ಣಗಳ ಚೆಲುವನ್ನು ಹೇಳುವಷ್ಟು ಸಾಲಿನ ಒತ್ತನ್ನು ಹೇಳುವುದಿಲ್ಲ.

ಇಲ್ಲಿಂದ ಪದಗಳ ಕಡೆಗೆ ಹೊರಳಬಹುದು. ದರ್ಜಿಯ ಅಂಗಡಿಯ ಮಾತನ್ನು ಕೇಳಿದರೆ ಅಸ್ತರು, ಕಾಜಾ, ತುರಪಾಯಿ, ಇಸ್ತ್ರಿ ಎಂಬಂಥ ಪದಗಳು ಕಿವಿಗೆ ಬೀಳುತ್ತವೆ. ಕೌದಿಯ ಸುತ್ತ ಇರುವ ಮಾತು ಬೇರೆ ಮೂಲದ್ದು: ಎಳೆ, ಹಾಸು, ಪದರು, ಅಂಚು, ದಡಿ, ಮೂಲೆ, ನಡು, ಸುತ್ತು, ಸಾಲು, ಹರಿ, ಸವರು, ಪೋಣಿಸು, ಮಡಿಚು. ಇವುಗಳಲ್ಲಿ ಕೆಲವು ಮಗ್ಗಕ್ಕೂ ಕೆಲವು ಹೊಲಕ್ಕೂ ಸಮಾನವಾದವು. ಬೆಳಗ್ಗೆ ಕೂರಿಗೆಯ ಹಿಂದೆ ಸಾಲು ತಪ್ಪದಂತೆ ಬೀಜ ಬಿಟ್ಟ ಕೈಯೇ ಮಧ್ಯಾಹ್ನ ಸೂಜಿ ಹಿಡಿದು ಇನ್ನೊಂದು ಸಾಲನ್ನು ನಡೆಸುತ್ತದೆ. ಎರಡರಲ್ಲೂ ಅಂತರದ ಅಳತೆ ಕೈಯೇ, ಎರಡರಲ್ಲೂ ಸಾಲು ಸೊಟ್ಟಗಾದರೆ ಅದು ಕೊನೆಯವರೆಗೆ ಕಾಣುತ್ತದೆ. ದರ್ಜಿಯ ಪದಗಳು ಪೇಟೆಯ ಜೊತೆ ಬಂದವು; ಇವು ನೆಲದಿಂದ ಎದ್ದವು. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಹೆಂತೆ ಎಂದು ಹೊಲಿಗೆಗಳಿಗೆ ಪ್ರತ್ಯೇಕ ಹೆಸರುಗಳಿವೆ. ಅವು ಪುಸ್ತಕಗಳಲ್ಲಿ ದಾಖಲಾಗಿವೆ. ಕೌದಿಯ ಹೊಲಿಗೆ ಒಂದೇ ಬಗೆಯದಾದ್ದರಿಂದ ಅದಕ್ಕೆ ಹೇಳುವ ಮಾತಿಲ್ಲವೆಂದು ಭಾವಿಸಲಾಯಿತೇನೋ. ವಸ್ತುತಃ ಇಲ್ಲಿನ ಸೂಕ್ಷ್ಮ ನಾಮಪದಗಳಲ್ಲಿಲ್ಲ, ಕ್ರಿಯಾಪದಗಳಲ್ಲಿದೆ. ನಿಘಂಟು 'ಬೊಂತೆ'ಯನ್ನು ಚಿಂದಿಯ ಹೊದಿಕೆಯೆಂದು ಹೇಳಿ ಮುಗಿಸಬಹುದು. 'ಹರಿ' ಎಂಬ ಕ್ರಿಯೆ ಕೌದಿಯ ಸಂದರ್ಭದಲ್ಲಿ ನಾಶವಲ್ಲ, ಅಳತೆಯ ವಿಧಾನ ಎಂಬುದನ್ನು ಹೇಳಲು ಹೊಲಿಯುವವರ ಪಕ್ಕ ಕೂರಬೇಕಾಗುತ್ತದೆ.

ಹಾಗೆ ಕೂರುವ ಅಗತ್ಯವನ್ನು ತೋರಿಸುವ ಒಂದು ನಿದರ್ಶನ ನೆರೆಯ ಸಂಡೂರಿನಲ್ಲಿದೆ. ಭೌಗೋಳಿಕ ಸೂಚಿಕೆ ಪಡೆದಿರುವ ಸಂಡೂರು ಲಂಬಾಣಿ ಕಸೂತಿಯ ಹದಿನಾಲ್ಕು ಬಗೆಯ ಹೊಲಿಗೆಗಳ ಪಟ್ಟಿಯಲ್ಲಿ ಕಿಲನ್, ವೇಲೆ, ಬಕ್ಕ್ಯಾ, ಮಾಕಿ ಮೊದಲಾದವುಗಳ ಜೊತೆ 'ಕೌಡಿ' ಎಂಬುದೂ ಒಂದು. ಲಂಬಾಣಿ ಉಡುಪಿನಲ್ಲಿ ಕವಡೆಗೆ ಮುಖ್ಯ ಸ್ಥಾನವಿದೆ. ಉತ್ತರದ ಭಾಷೆಗಳಲ್ಲಿ ಕವಡೆಗೆ ಕೌಡಿಯೆಂದೇ ಹೆಸರು. ಆ ಹೊಲಿಗೆಗೆ ಹೆಸರು ಕವಡೆಯಿಂದ ಬಂತೋ ಹೊದಿಕೆಯಿಂದ ಬಂತೋ ಎಂಬುದನ್ನು ಪಟ್ಟಿಯ ಅಕ್ಷರ ಹೇಳದು, ಬಟ್ಟೆಯ ಮೇಲೆ ಸೂಜಿ ನಡೆಯುವ ರೀತಿ ಹೇಳೀತು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಲ್ಲಿ ತಾಂಡಾಗಳು ಹೇರಳವಾಗಿವೆ. ಪರೀಕ್ಷಿಸಬೇಕೆನ್ನುವ ಸಂಶೋಧಕರು ದೂರ ಹೋಗಬೇಕಾಗಿಲ್ಲ.

ಹೊಲಿಗೆಯನ್ನೇ ಓದಿದ ಅಧ್ಯಯನ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಉತ್ತರ ಕನ್ನಡದ ಸಿದ್ದಿಯರ ಕೌದಿಗಳು ಸಾಕ್ಷಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಒಂದು ಮೂಲೆಯಿಂದ ಶುರುಮಾಡಿ, ತುಂಡುಗಳನ್ನು ಸೇರಿಸುತ್ತ ಅಂಚಿನಗುಂಟ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ 'ಫುಲ'ಗಳನ್ನು ಕೂಡಿಸುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕ್ರಮವನ್ನು ದಾಖಲಿಸಿದರು. ಅವರ ಒತ್ತಾಸೆಯಿಂದ ೨೦೦೪ರ ಸುಮಾರಿಗೆ ಸಿದ್ದಿ ಮಹಿಳೆಯರ ಸಹಕಾರಿ ಪ್ರಯತ್ನವೊಂದು ರೂಪುಗೊಂಡು, ಆ ಕೌದಿಗಳು ಅಮೆರಿಕದ ಪ್ರದರ್ಶನಾಲಯಗಳನ್ನು ಮುಟ್ಟಿದವು. ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕರಿಯ ಮಹಿಳೆಯರ ಹೊದಿಕೆಗಳು ೨೦೦೨ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕ್‌ಗಳ ಕಲಾ ಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡ ಹಿನ್ನೆಲೆಯಲ್ಲಿ ಇದಕ್ಕೆ ಒಂದು ಓದುಗವರ್ಗವೂ ಸಿದ್ಧವಿತ್ತು. ಸಿದ್ದಿ ಕೌದಿಗೆ ದೊರೆತ ಗಮನ ಯೋಗ್ಯವಾದದ್ದು. ಆದರೆ ಆಫ್ರಿಕದ ನಂಟು ಎಂಬ ಆಸಕ್ತಿಯ ಎಳೆಯಿಲ್ಲದ ಬಯಲುಸೀಮೆಯ ಕೌದಿಯನ್ನು ಹಾಗೆ ಓದಲು ಹೊರಗಿನವರು ಬರಲಾರರು. ಆ ಕೆಲಸ ಕನ್ನಡ ವಿಭಾಗಗಳದ್ದೇ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು 'ಚಿಗಟೇರಿ ಪದಕೋಶ'ದ ಮೂಲಕ ಒಂದು ಊರಿನ ಸುತ್ತಿನ ಮಾತನ್ನು ಕೋಶದ ಘನತೆಗೆ ಏರಿಸಿದರು. ಕೌದಿಯ ಪದಸಂಗ್ರಹಕ್ಕೆ ಇದೇ ಸೀಮೆಯಲ್ಲಿ ಮಾದರಿಯಿದೆಯೆಂದಾಯಿತು.

ಕಾಲ ಹೆಚ್ಚಿಲ್ಲವೆನ್ನುವುದಕ್ಕೆ ಬಟ್ಟೆಯೇ ಕಾರಣ. ೧೯೮೦ರ ದಶಕದಿಂದೀಚೆಗೆ ದಿನಬಳಕೆಯ ಸೀರೆಗಳಲ್ಲಿ ಕೃತಕ ನೂಲು ಹೆಚ್ಚುತ್ತ ಬಂತು. ಪಾಲಿಯೆಸ್ಟರ್ ಸೀರೆ ಸವೆಯುವುದಿಲ್ಲ, ಆದ್ದರಿಂದ ಮೆತ್ತಗಾಗುವುದೂ ಇಲ್ಲ. ಎಳೆ ಹಿಡಿದು ಹರಿದರೆ ನೇರ ಸೀಳದು. ಬೆವರು ಹೀರದು, ಪದರಿನ ಮೇಲೆ ಪದರು ನಿಲ್ಲದೆ ಜಾರುತ್ತದೆ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಇಂಥ ಬಟ್ಟೆಯಲ್ಲಿ ಹೊಲಿಯುವವರು ಕತ್ತರಿಗೆ ಮೊರೆಹೋಗುತ್ತಾರೆ, ಕಚ್ಚಾ ಹೊಲಿಗೆಯನ್ನು ಗೇಣಿಗೊಂದರಂತೆ ಹಾಕುತ್ತಾರೆ, ಒಳಗೆ ಮಾತ್ರ ಹಳೆಯ ಹತ್ತಿಯ ಪಂಚೆ, ಹಾಸುಬಟ್ಟೆಗಳನ್ನು ಇಟ್ಟು ಮೇಲೆ ಹೊಳೆಯುವ ಸೀರೆ ಹಾಕುತ್ತಾರೆ. ಇದು ಕೊರತೆಯಲ್ಲ, ಹೊಸ ಸಾಮಗ್ರಿಗೆ ಹಳೆಯ ಬುದ್ಧಿ ಕಂಡುಕೊಂಡ ಪರಿಹಾರ. ಆದರೂ 'ಎಳೆ ಹಿಡಿ' ಎಂಬ ಮಾತಿಗೆ ಕೆಲಸವಿಲ್ಲದಾದಾಗ ಆ ಮಾತು ಮಗಳಿಗೆ ದಾಟುವುದಿಲ್ಲ. ಇನ್ನೊಂದೆಡೆ ಪಾಣಿಪತ್ತಿನ ಕಾರ್ಖಾನೆಗಳ ಅಗ್ಗದ ರಗ್ಗುಗಳು ಸಂತೆಗಳನ್ನು ತುಂಬಿವೆ. ವಿದೇಶಗಳಿಂದ ಬಂದ ಹಳೆಯ ಬಟ್ಟೆಯನ್ನು ಹಿಂಜಿ ನೂಲು ತೆಗೆದು ರಗ್ಗು ಮಾಡುವುದರಲ್ಲಿ ಆ ನಗರ ಹೆಸರಾದದ್ದು. ಅಂದರೆ ಅದೂ ಹಳೆಯ ಬಟ್ಟೆಯ ಹೊದಿಕೆಯೇ. ವ್ಯತ್ಯಾಸವಿಷ್ಟೇ: ಯಂತ್ರ ಬಟ್ಟೆಯನ್ನು ನಾರಾಗಿಸಿ ಅದರ ಗುರುತನ್ನು ಅಳಿಸುತ್ತದೆ, ಕೌದಿ ಬಟ್ಟೆಯನ್ನು ಬಟ್ಟೆಯಾಗಿಯೇ ಉಳಿಸುತ್ತದೆ. ಯಾರ ಮದುವೆಯ ಸೀರೆ, ಯಾರ ಧೋತರ ಎಂದು ಕೌದಿಯ ಮೇಲೆ ಬೆರಳಿಟ್ಟು ಹೇಳಬಹುದಾದದ್ದು ಇದರಿಂದಲೇ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳಿಂದ ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೊರಡುವ ಕುಟುಂಬಗಳ ಗಂಟಿನಲ್ಲಿ ಕೌದಿ ಇಂದಿಗೂ ಇರುತ್ತದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಜೊತೆ ತೊಟ್ಟಿಲ ಕೌದಿಯೂ ಹೋಗುತ್ತದೆ.

ಕೌದಿಗೆ ಇನ್ನೊಂದು ಗುಣವಿದೆ, ಸಂಶೋಧಕರಿಗೆ ಅದು ನೇರವಾಗಿ ಸಂಬಂಧಿಸಿದ್ದು. ಹರಿದ ಕೌದಿಯನ್ನು ಎಸೆಯುವುದು ಅಪರೂಪ. ಅದರ ಮೇಲೆ ಹೊಸ ಸೀರೆಯನ್ನು ಹೊದಿಸಿ ಮತ್ತೆ ಹೊಲಿಯುತ್ತಾರೆ. ಹಳೆಯ ಕೌದಿಯೇ ಹೊಸದರ ಒಳಪದರಾಗುತ್ತದೆ. ಹೀಗೆ ಎರಡು ಮೂರು ತಲೆಮಾರು ದಾಟಿದ ಕೌದಿಯೊಂದರ ಅಂಚು ಬಿಚ್ಚಿಕೊಂಡಾಗ, ಮೇಲೆ ಪಾಲಿಯೆಸ್ಟರ್, ಅದರ ಕೆಳಗೆ ಗಿರಣಿಯ ಹತ್ತಿ, ಅದಕ್ಕೂ ಕೆಳಗೆ ಕೈಮಗ್ಗದ ಹದಿನಾರು ಮೊಳದ ಸೀರೆಯ ಒಡಲು ಕ್ರಮವಾಗಿ ಕಾಣಸಿಗುತ್ತವೆ. ಪ್ರತಿ ಪದರಿನ ಸಾಲಿನ ಅಂತರ, ದಾರದ ಬಗೆ, ಗಂಟು ಇಳಿಸಿದ ರೀತಿ ಬೇರೆ ಬೇರೆ ಕೈಗಳದ್ದು. ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸಲು ಕಲಿತವರಿಗೆ ಈ ಪದರುಗಳನ್ನು ಬೇರ್ಪಡಿಸಿ ಓದುವುದು ಹೊಸ ವಿದ್ಯೆಯೇನೂ ಅಲ್ಲ. ಬಿಚ್ಚುವಾಗ ಮಾತ್ರ ಹೊಲಿದವರನ್ನು ಅಥವಾ ಅವರ ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಬೇಕು. ಯಾವ ದಾರವನ್ನು ಮೊದಲು ಕತ್ತರಿಸಿದರೆ ಪದರು ಕೆಡುವುದಿಲ್ಲವೆಂಬುದು ಅವರಿಗೆ ಗೊತ್ತಿರುತ್ತದೆ.